ಸರಾಗವಾಗಿ ಓದಿದ ಹುಡುಗಿ ಉತ್ತರ ತಪ್ಪಿದ್ದೆಲ್ಲಿ?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಮನೆಯ ಜಗುಲಿಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಈ ಸಾಲುಗಳನ್ನು ಬರೆದುಕೊಟ್ಟಿದ್ದೆ:

“1883ರಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದರು. ಆಗ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮನಿಗೆ ಇನ್ನೂ ಇಪ್ಪತ್ತೆರಡು ವರ್ಷ. ಇಲ್ಲಿದ್ದಾಗಲೇ ಅವರು ಒಂದು ನಾಟಕವನ್ನೂ ಬರೆದರು. ಊರಿನ ಕಡಲತೀರಕ್ಕೆ ಈಗ ಅವರ ಹೆಸರನ್ನೇ ಇಡಲಾಗಿದೆ.”

ಓದಿದಳು. ಎಲ್ಲೂ ತಡವರಿಸಲಿಲ್ಲ. ‘ಸತ್ಯೇಂದ್ರ’ದ ಒತ್ತಕ್ಷರಗಳನ್ನೂ ಹಳ್ಳದ ಕಲ್ಲು ದಾಟಿದ ಹಾಗೆ ಸಲೀಸಾಗಿ ದಾಟಿದಳು. “ಕಡಲತೀರಕ್ಕೆ ಯಾರ ಹೆಸರಿದೆ?” ಎಂದು ಕೇಳಿದೆ. “ಸತ್ಯೇಂದ್ರನಾಥರದ್ದು, ಅಕ್ಕೋರೇ” ಅಂದಳು. ರವಿವಾರ ಬಂತೆಂದರೆ ಅಪ್ಪನ ಜೊತೆ ಟ್ಯಾಗೋರ್ ಬೀಚಿಗೆ ಹೋಗಿ ಮರಳಲ್ಲಿ ಆಡಿ ಬರುವ ಹುಡುಗಿ!

ಅವಳು ದಡ್ಡಿಯಲ್ಲ. ಅವಳಿಗೆ ಓದಲು ಬರುವುದಿಲ್ಲ ಅನ್ನುವಂತೆಯೂ ಇಲ್ಲ. ಆದರೂ ಉತ್ತರ ತಪ್ಪಿತು. ಎಲ್ಲಿ ತಪ್ಪಿತು ಎಂದು ಹುಡುಕಲು ಹೊರಟರೆ, ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿಸುವ ವಿಭಕ್ತಿ, ಸರ್ವನಾಮ, ಅವ್ಯಯ, ಕೃದಂತಗಳೆಲ್ಲ ಒಂದೊಂದಾಗಿ ಎದುರಿಗೆ ಬರುತ್ತವೆ. ಈ ಹೆಸರುಗಳು ಎರಡು ಅಂಕದ ಪ್ರಶ್ನೆಗೆಂದು ಇರುವಂಥವಲ್ಲ. ಗದ್ಯಭಾಗದ ಒಳಗೆ ಯಾರು ಯಾರಿಗೆ ಏನು ಮಾಡಿದರು ಎಂದು ಪತ್ತೆ ಹಚ್ಚುವ ಸಾಮಾನುಗಳು ಅವು. ನಾವು ಸಾಮಾನಿನ ಹೆಸರು ಕಲಿಸುತ್ತೇವೆ, ಅದನ್ನು ಕೈಯಲ್ಲಿ ಹಿಡಿಯುವುದನ್ನು ಕಲಿಸುವುದಿಲ್ಲ.

ಬಾಯಿ ಓದುತ್ತದೆ

ಕನ್ನಡಕ್ಕೆ ಒಂದು ಅನುಕೂಲವಿದೆ. ಬರೆದ ಹಾಗೆಯೇ ಓದುತ್ತೇವೆ. 49 ಅಕ್ಷರ, ಕಾಗುಣಿತ, ಒತ್ತಕ್ಷರ ಇಷ್ಟನ್ನು ಅರಗಿಸಿಕೊಂಡ ಮಗು ತನಗೆ ಅರ್ಥವೇ ಗೊತ್ತಿಲ್ಲದ ಪದವನ್ನೂ ಸರಿಯಾಗಿ ಉಚ್ಚರಿಸಬಲ್ಲದು. ಇಂಗ್ಲಿಷಿನಲ್ಲಿ ಹಾಗಲ್ಲ, ಗೊತ್ತಿಲ್ಲದ ಪದ ಬಂದರೆ ಮಗು ಅಲ್ಲೇ ಸಿಕ್ಕಿಬೀಳುತ್ತದೆ. ನಮ್ಮ ಅನುಕೂಲವೇ ನಮಗೆ ಮೋಸ ಮಾಡುವುದೂ ಇಲ್ಲೇ. ಮಗು ಗಟ್ಟಿ ದನಿಯಲ್ಲಿ ಸರಸರ ಓದಿದರೆ ಅಪ್ಪ ಅಮ್ಮನಿಗೂ ಮಾಸ್ತರಿಗೂ ಸಮಾಧಾನ. ತಿಳಿಯಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಇದನ್ನು ಒಂದು ಸಣ್ಣ ಲೆಕ್ಕದಲ್ಲಿ ಹೇಳಿದರು. ಓದಿ ತಿಳಿಯುವ ಶಕ್ತಿ ಎಂದರೆ ಅಕ್ಷರ ಬಿಡಿಸಿ ಓದುವ ಶಕ್ತಿ ಗುಣಿಸು ಆ ಭಾಷೆಯನ್ನು ಕೇಳಿ ತಿಳಿಯುವ ಶಕ್ತಿ. ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಕನ್ನಡದ ಮಕ್ಕಳಲ್ಲಿ ಮೊದಲನೆಯದು ಹೆಚ್ಚಾಗಿ ಬೇಗ ತುಂಬಿಬಿಡುತ್ತದೆ. ಹಾಗಾಗಿ ಕೊರತೆ ಇರುವುದು ಎರಡನೆಯದರಲ್ಲಿ ಎಂದು ನಮಗೆ ಹೊಳೆಯುವುದೇ ಇಲ್ಲ.

ಅದರ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಪರಿಸ್ಥಿತಿ ಬೇರೆ. ಕಾರವಾರದ ಮಗುವಿನ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಅಂಕೋಲೆಯಲ್ಲಿ ಹಾಲಕ್ಕಿ ಕನ್ನಡ, ಶಿರಸಿ-ಸಿದ್ದಾಪುರದಲ್ಲಿ ಹವ್ಯಕ ಕನ್ನಡ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯದ್ದೂ ಅಲ್ಲ. ಕೊಂಕಣಿಯಲ್ಲಿ ‘ಬರೆಂ’ ಎಂದರೆ ಒಳ್ಳೆಯದು, ಕನ್ನಡದಲ್ಲಿ ‘ಬರೆ’ ಎಂದರೆ ಬರೆಯುವುದು, ಕಾದ ಕಬ್ಬಿಣದಿಂದ ಎಳೆಯುವುದೂ ‘ಬರೆ’ಯೇ. ಮಾಸ್ತರರು “ಬರೆ, ಬರೆ” ಎಂದು ಗದರಿದಾಗ ಒಂದನೆಯ ತರಗತಿಯ ಮಗು ನಕ್ಕರೆ ಅದು ತುಂಟತನವೇ ಆಗಬೇಕೆಂದಿಲ್ಲ.

ಪದದ ಬಾಲದಲ್ಲಿ ಇರುವುದು

ಕನ್ನಡ ವಾಕ್ಯದಲ್ಲಿ ಪದಗಳ ಜಾಗ ಹಿಂದೆ ಮುಂದೆ ಆದರೂ ಅರ್ಥ ಕೆಡುವುದಿಲ್ಲ. “ಹುಲಿಯನ್ನು ನಾಯಿ ಅಟ್ಟಿತು” ಎಂಬ ವಾಕ್ಯದಲ್ಲಿ ಮೊದಲು ಬರುವುದು ಹುಲಿಯಾದರೂ ಓಡಿಹೋಗುವುದು ಹುಲಿಯೇ. ಇದನ್ನು ಹೇಳುವುದು ‘ಅನ್ನು’ ಎಂಬ ಬಾಲ. ಇದೇ ದ್ವಿತೀಯಾ ವಿಭಕ್ತಿ. ಅವಸರದಲ್ಲಿ ಓದುವ ಮಗು ಪದದ ತಲೆ ನೋಡಿ ಬಾಲ ಬಿಡುತ್ತದೆ. ಹುಲಿ ಕಂಡಿತು, ನಾಯಿ ಕಂಡಿತು, ಅಟ್ಟಿದ್ದು ಕಂಡಿತು. ಅಟ್ಟುವುದು ಹುಲಿಯ ಕೆಲಸವಲ್ಲವೇ ಎಂದು ತನ್ನ ಮನಸ್ಸಿನ ಕತೆಯನ್ನೇ ಬರೆದುಬಿಡುತ್ತದೆ.

‘ಇಂದ’ ಇನ್ನೂ ಕಿಲಾಡಿ. “ಬಲೆಯಿಂದ ಹಿಡಿದರು”, “ಅಂಕೋಲೆಯಿಂದ ಬಂದರು”, “ಮಳೆಯಿಂದ ಶಾಲೆಗೆ ರಜೆ”. ಮೊದಲನೆಯದು ಸಾಧನ, ಎರಡನೆಯದು ಹೊರಟ ಜಾಗ, ಮೂರನೆಯದು ಕಾರಣ. ವ್ಯಾಕರಣದ ಪಟ್ಟಿಯಲ್ಲಿ ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಬರೆದಿರುತ್ತದೆ. ಮಾತಿನಲ್ಲಿ ಯಾರೂ “ಅಂಕೋಲೆಯ ದೆಸೆಯಿಂದ ಬಂದೆ” ಎನ್ನುವುದಿಲ್ಲ. (ಹಾಗೆ ಯಾರಾದರೂ ಅಂದರೆ ಅಂಕೋಲೆಯವರು ಏನೋ ತೊಂದರೆ ಕೊಟ್ಟಿರಬೇಕು ಎಂದೇ ನಾನು ತಿಳಿಯುವೆ.) ಆದ್ದರಿಂದ ‘ಇಂದ’ ಕಂಡಾಗ ಮಗು ತನ್ನನ್ನೇ ಕೇಳಿಕೊಳ್ಳಬೇಕು: ಯಾವುದರ ಸಹಾಯದಿಂದಲೋ, ಎಲ್ಲಿಂದಲೋ, ಯಾಕೋ? “ಕಾರಣ ಕೊಡಿ” ಎಂಬ ಪ್ರಶ್ನೆಯ ಉತ್ತರ ಎಷ್ಟೋ ಸಲ ಈ ಮೂರನೆಯ ‘ಇಂದ’ದಲ್ಲಿ ಅಡಗಿರುತ್ತದೆ. ‘ಆದ್ದರಿಂದ’, ‘ಹಾಗಾಗಿ’ ಎಂಬ ಅವ್ಯಯ ಕಣ್ಣಿಗೆ ಕಂಡರೆ ಮಕ್ಕಳು ಹಿಡಿಯುತ್ತಾರೆ. ಬಾಲವಾಗಿ ಅಂಟಿಕೊಂಡ ಕಾರಣ ಕಾಣಿಸುವುದಿಲ್ಲ.

ಒಂದೇ ಅಕ್ಷರ ಕೂಡ ಆಟ ಆಡಿಸುತ್ತದೆ. “ರಾಯರು ತಮ್ಮ ಮನೆಗೆ ಹೋದರು”, “ರಾಯರು ತಮ್ಮನ ಮನೆಗೆ ಹೋದರು”. ಮೊದಲನೆಯದರಲ್ಲಿ ರಾಯರು ಸ್ವಂತ ಮನೆಗೆ ಹೋಗಿ ಊಟಕ್ಕೆ ಕುಳಿತರು. ಎರಡನೆಯದರಲ್ಲಿ ನೆಂಟರಾಗಿ ಹೋದರು. ನಡುವೆ ಇರುವುದು ಒಂದು ‘ನ’.

ವಾಕ್ಯವನ್ನು ಹಿಂದಿನಿಂದ ಹಿಡಿಯುವುದು

ನನ್ನ ಅನುಭವದಲ್ಲಿ ಅತಿ ಹೆಚ್ಚು ಮಕ್ಕಳು ಮುಗ್ಗರಿಸುವುದು ಇಂಥ ವಾಕ್ಯದಲ್ಲಿ:

“ಮೀನು ಮಾರಿ ಬಂದ ತಾಯಿ ಕೊಟ್ಟ ಹಣದಲ್ಲಿ ಮಗ ತಂದ ಪುಸ್ತಕ ಮಳೆಯಲ್ಲಿ ನೆನೆಯಿತು.”

ನೆನೆದದ್ದು ಯಾರು ಎಂದು ಕೇಳಿದರೆ ಅರ್ಧ ಮಕ್ಕಳು ‘ಮಗ’ ಎನ್ನುತ್ತಾರೆ, ಕೆಲವರು ‘ತಾಯಿ’. ವಾಕ್ಯದಲ್ಲಿ ಐದು ಕಡೆ ಕೆಲಸ ನಡೆದಿದೆ: ಮಾರಿ, ಬಂದ, ಕೊಟ್ಟ, ತಂದ, ನೆನೆಯಿತು. ಐದರಲ್ಲಿ ಪೂರ್ಣ ಕ್ರಿಯಾಪದ ಒಂದೇ, ಕೊನೆಯದು. ‘ಮಾರಿ’ ಕೃದಂತಾವ್ಯಯ, ಅದು ಮುಂದಿನ ಕ್ರಿಯೆಯನ್ನು ಕಾಯುತ್ತಾ ನಿಂತಿದೆ. ‘ಬಂದ’, ‘ಕೊಟ್ಟ’, ‘ತಂದ’ ಇವು ಕೃದಂತನಾಮಗಳು, ತಮ್ಮ ಮುಂದಿರುವ ಹೆಸರಿಗೆ ವಿಶೇಷಣವಾಗಿ ಅಂಟಿಕೊಂಡಿವೆ. ಯಾವ ತಾಯಿ? ಮೀನು ಮಾರಿ ಬಂದ ತಾಯಿ. ಯಾವ ಹಣ? ತಾಯಿ ಕೊಟ್ಟ ಹಣ. ಯಾವ ಪುಸ್ತಕ? ಮಗ ತಂದ ಪುಸ್ತಕ.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಪೂರ್ಣವಿರಾಮದ ಹಿಂದೆ ನಿಂತಿರುವ ಕ್ರಿಯಾಪದವನ್ನು ಮೊದಲು ಹಿಡಿಯಿರಿ, ಆಮೇಲೆ ಅದನ್ನೇ “ಯಾರು? ಏನು?” ಎಂದು ಕೇಳಿ. ಏನು ನೆನೆಯಿತು? ಪುಸ್ತಕ. ಅನುಮಾನವಿದ್ದರೆ ಕ್ರಿಯಾಪದದ ಬಾಲವೂ ಸಾಕ್ಷಿ ಹೇಳುತ್ತದೆ. ತಾಯಿಯಾದರೆ ‘ನೆನೆದಳು’, ಮಗನಾದರೆ ‘ನೆನೆದನು’. ‘ನೆನೆಯಿತು’ ನಪುಂಸಕ ಲಿಂಗ, ಏಕವಚನ. ಹಾಗಾಗಿ ಮನುಷ್ಯರಿಬ್ಬರೂ ಪಟ್ಟಿಯಿಂದ ಹೊರಗೆ. ಲಿಂಗ, ವಚನ ಎಂದು ಕೋಷ್ಟಕ ತುಂಬಿಸುವುದು ಇದಕ್ಕಾಗಿ.

ಆದರೆ ಇಲ್ಲೂ ಘಟ್ಟದ ಮೇಲೆ ಒಂದು ತೊಡಕು. ಶಿರಸಿ ಕಡೆಯ ಹವ್ಯಕ ಮನೆಗಳಲ್ಲಿ ಹೆಂಗಸರಿಗೂ ನಪುಂಸಕ ಲಿಂಗದ ಕ್ರಿಯಾಪದವೇ ಸಹಜ: “ಅಕ್ಕ ಬಂತು”. ಅಲ್ಲಿನ ಮಗುವಿಗೆ “ತಾಯಿ ನೆನೆಯಿತು” ಕಿವಿಗೆ ಅಡ್ಡ ಬರುವುದಿಲ್ಲ. ಅದು ತಪ್ಪು ಕನ್ನಡವಲ್ಲ, ಅದರ ಮನೆಯ ಕನ್ನಡ. ಪುಸ್ತಕದ ಕನ್ನಡದಲ್ಲಿ ಈ ನಿಯಮ ಬೇರೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಿದರೆ ಸಾಕು, ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ. ಹೇಳದೆ ಕೆಂಪು ಗೆರೆ ಎಳೆದರೆ ಯಾಕೆ ತಪ್ಪಾಯಿತು ಎಂದೇ ಅದಕ್ಕೆ ತಿಳಿಯುವುದಿಲ್ಲ.

ಈಗ ನಮ್ಮ ಹುಡುಗಿಯ ತಪ್ಪಿಗೆ ಬರೋಣ. ಅವಳನ್ನು ಬೀಳಿಸಿದ್ದು ‘ಅವರು’ ಎಂಬ ಸರ್ವನಾಮ. ಸರ್ವನಾಮ ಎಂದರೆ ನಾಮಪದದ ಬದಲಿಗೆ ಬರುವ ಪದ ಎಂದು ಅವಳಿಗೆ ಬಾಯಿಪಾಠವಿದೆ. ಯಾವ ನಾಮಪದದ ಬದಲಿಗೆ ಎಂದು ಹಿಂದೆ ಹೋಗಿ ಹುಡುಕುವ ಅಭ್ಯಾಸವಿಲ್ಲ. ಅಣ್ಣ, ತಮ್ಮ ಇಬ್ಬರಿಗೂ ಗೌರವದ ಬಹುವಚನ, ಇಬ್ಬರೂ ‘ಅವರೇ’. ಒಬ್ಬರು ಗಂಡಸು ಒಬ್ಬರು ಹೆಂಗಸಾಗಿದ್ದು, ಏಕವಚನವಿದ್ದಿದ್ದರೆ ಲಿಂಗವೇ ದಾರಿ ತೋರಿಸುತ್ತಿತ್ತು. ಇಲ್ಲಿ ದಾರಿ ತೋರಿಸುವುದು ಹಿಂದಿನ ವಾಕ್ಯ: “ತಮ್ಮನಿಗೆ ಇನ್ನೂ ಇಪ್ಪತ್ತೆರಡು ವರ್ಷ”. ಮಾತು ಅಲ್ಲಿ ಅಣ್ಣನಿಂದ ತಮ್ಮನ ಕಡೆ ತಿರುಗಿತು. ಆಮೇಲಿನ ‘ಅವರು’ ಎಲ್ಲವೂ ತಮ್ಮನೇ. ಪೆನ್ಸಿಲ್ ತೆಗೆದುಕೊಂಡು ಪ್ರತಿ ‘ಅವರು’ವಿನಿಂದ ಅದರ ಒಡೆಯನ ತನಕ ಒಂದು ಬಾಣ ಎಳೆ ಎಂದೆ. ಮೂರನೆಯ ಬಾಣ ಎಳೆಯುವಾಗ “ಅಯ್ಯೋ!” ಅಂದಳು.

‘ತಾನು’ ಮಾತ್ರ ಇಷ್ಟು ಕಷ್ಟ ಕೊಡುವುದಿಲ್ಲ. “ಅಣ್ಣ ತಮ್ಮನಿಗೆ ತನ್ನ ಪುಸ್ತಕ ಕೊಟ್ಟ” ಎಂದರೆ ಪುಸ್ತಕ ಅಣ್ಣನದ್ದು. ಆತ್ಮಾರ್ಥಕ ಸರ್ವನಾಮ ವಾಕ್ಯದ ಕರ್ತೃವಿಗೆ ನಿಷ್ಠವಾಗಿರುತ್ತದೆ.

ಪದ ಒಂದೇ, ಊರು ಬೇರೆ

ಪದಕ್ಕೆ ಅರ್ಥ ನಿಘಂಟಿನಲ್ಲಿ ಇದೆ, ನಿಜ. ಯಾವ ಅರ್ಥ ಬೇಕು ಎಂದು ಹೇಳುವುದು ಅಕ್ಕಪಕ್ಕದ ಪದಗಳು. ಶಿರಸಿಯ ತೋಟದಲ್ಲಿ “ಕೊನೆಗೂ ಕೊನೆ ಇಳಿಸುವವರು ಸಿಕ್ಕರು” ಎಂದರೆ ಯಾರಿಗೂ ಗೊಂದಲವಿಲ್ಲ. ಮೊದಲನೆಯ ‘ಕೊನೆ’ ಅಂತ್ಯ, ಎರಡನೆಯದು ಅಡಿಕೆ ಗೊಂಚಲು. ಅಲ್ಲಿ ಮರ ಹತ್ತುವವನು ಕೊನೆಗೌಡ. ‘ಹಾಳೆ’ ಎಂದರೆ ಕಾಗದವೂ ಹೌದು, ಅಡಿಕೆ ಮರದಿಂದ ಬಿದ್ದದ್ದೂ ಹೌದು. ‘ಮಾಣಿ’ ಎಂದರೆ ಅಲ್ಲಿ ಮನೆಯ ಹುಡುಗ, ಬೇರೆ ಕಡೆ ಹೋಟೆಲಿನಲ್ಲಿ ತಿಂಡಿ ತಂದುಕೊಡುವವನು. “ಕೂಸಿನ ಮದುವೆ” ಎಂದು ಓದಿದರೆ ಬಯಲುಸೀಮೆಯ ಮಗು ಬಾಲ್ಯವಿವಾಹವೆಂದು ಬೆಚ್ಚಿಬೀಳಬಹುದು. ಶಿರಸಿಯ ಮಗುವಿಗೆ ಅದು ಹುಡುಗಿಯ ಮದುವೆ, ಅಷ್ಟೇ.

ಕರಾವಳಿಗೆ ಇಳಿದರೆ “ಗಜನಿಯಲ್ಲಿ ಕಗ್ಗ ಬೆಳೆಯುತ್ತಾರೆ” ಎಂಬ ವಾಕ್ಯವಿದೆ. ಕುಮಟೆಯ ಅಘನಾಶಿನಿ ದಂಡೆಯ ಮಗುವಿಗೆ ಇದು ನೀರು ಕುಡಿದಷ್ಟು ಸುಲಭ. ಗಜನಿ ಎಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಕಗ್ಗ ಎಂದರೆ ಉಪ್ಪು ತಡೆದುಕೊಳ್ಳುವ ಭತ್ತ. ಮೈಸೂರಿನ ಮಗು ಇದೇ ವಾಕ್ಯವನ್ನು ಇವನಿಗಿಂತ ಚೆನ್ನಾಗಿ ಓದಬಹುದು. ಆದರೆ ಇತಿಹಾಸದ ಪಾಠದ ಘಜನಿ ನೆನಪಾಗಿ, ಅಲ್ಲಿ ಯಾರು ಕಗ್ಗ ಬರೆಯುತ್ತಾರೆ ಎಂದು ಯೋಚಿಸುತ್ತಾ ಕುಳಿತೀತು.

ಇದಕ್ಕೆ ಹೋಲುವುದನ್ನೇ 1988ರಲ್ಲಿ ಡೊನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದರು. 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ಒಂದು ಗದ್ಯಭಾಗ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ತಿಳಿದುಕೊಂಡಿದ್ದರು, ಹೆಚ್ಚು ನೆನಪಿಟ್ಟುಕೊಂಡಿದ್ದರು. ಯಕ್ಷಗಾನ ನೋಡಿ ಬೆಳೆದ ಹೊನ್ನಾವರದ ಹುಡುಗ ಮಹಾಭಾರತದ ಪದ್ಯದಲ್ಲಿ ಯಾಕೆ ಎಡವುವುದಿಲ್ಲ ಎನ್ನುವುದಕ್ಕೂ ಇದೇ ಕಾರಣ. ಪದ್ಯ ಬರುವ ಮೊದಲೇ ಕರ್ಣ ಯಾರು, ಶಲ್ಯ ಯಾರು ಎಂದು ಅವನಿಗೆ ಗೊತ್ತು. ನಮ್ಮದು ಒಂದೇ ಜಿಲ್ಲೆಯಾದರೂ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ, ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆ ಮಾತ್ರ ಎಲ್ಲರಿಗೂ ಒಂದೇ. ಗದ್ಯಭಾಗ ಅಡಿಕೆಯ ಮೇಲೆ ಬಂದರೆ ಶಿರಸಿಯವರ ಅದೃಷ್ಟ, ಬಂಗಡೆಯ ಮೇಲೆ ಬಂದರೆ ನಮ್ಮದು.

ಬರೆಯದೆ ಹೇಳಿದ್ದು

ಟ್ಯಾಗೋರರು ಕಾರವಾರಕ್ಕೆ ಯಾಕೆ ಬಂದರು? ಆ ಸಾಲುಗಳಲ್ಲಿ ‘ಏಕೆಂದರೆ’ ಎಂಬ ಪದವಿಲ್ಲ. ಆದರೂ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು ಎಂಬ ವಾಕ್ಯವನ್ನು ಬರೆದವರು ಸುಮ್ಮನೆ ಎರಡನೆಯ ಜಾಗದಲ್ಲಿ ಇಟ್ಟಿಲ್ಲ. ‘ಆಗ’ ಎಂಬ ಅವ್ಯಯ ಎರಡನ್ನೂ ಕಟ್ಟಿದೆ. ಅಣ್ಣನ ಮನೆಗೆ ಬಂದಿರಬೇಕು ಎಂದು ನಾವೇ ತೀರ್ಮಾನಿಸುತ್ತೇವೆ. ಇದಕ್ಕೆ ಶಾಸ್ತ್ರದಲ್ಲಿ ಅನುಮಾನ ಎಂದು ಹೆಸರು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ದಿನದ ಮಾತಿನಲ್ಲಿ ‘ಅನುಮಾನ’ ಎಂದರೆ ಸಂಶಯ. ಈ ಎರಡನ್ನು ಬೇರ್ಪಡಿಸದೆ “ಅನುಮಾನಿಸಿ ಉತ್ತರಿಸಿ” ಎಂದರೆ ಮಗು ಗದ್ಯಭಾಗವನ್ನೇ ನಂಬದೆ ಕೂರುತ್ತದೆ.

ಊಹೆಗೂ ಅನುಮಾನಕ್ಕೂ ವ್ಯತ್ಯಾಸ ಹೊಗೆಯಲ್ಲಿದೆ. “ಸಮುದ್ರ ನೋಡಲು ಬಂದರು” ಎಂದು ಒಬ್ಬ ಹುಡುಗ ಬರೆದ. ಇರಬಹುದು, ಆದರೆ ಆ ಸಾಲುಗಳಲ್ಲಿ ಅದರ ಹೊಗೆ ಇಲ್ಲ. ಯಾವ ಪದ ನೋಡಿ ಹೀಗೆ ಹೇಳಿದೆ ಎಂದು ಬೆರಳಿಟ್ಟು ತೋರಿಸಲು ಬಂದರೆ ಅನುಮಾನ, ಬರದಿದ್ದರೆ ಊಹೆ.

ಕನ್ನಡದಲ್ಲಿ ಇಂಥ ಹೊಗೆ ಹೆಚ್ಚಾಗಿ ಏಳುವುದು ಒಂದೊಂದು ಸ್ವರದಿಂದ. “ನಾಟಕವನ್ನು ಬರೆದರು” ಎಂದರೆ ಬರೆದದ್ದು ನಾಟಕ. “ನಾಟಕವನ್ನೂ ಬರೆದರು” ಎಂದರೆ ಬೇರೇನೋ ಕೂಡ ನಡೆದಿತ್ತು. “ಹೆಸರನ್ನೇ ಇಡಲಾಗಿದೆ” ಎಂದರೆ ಒತ್ತಿ ಹೇಳಿದ ಹಾಗೆ. ‘ಊ’ ಸಮುಚ್ಚಯ, ‘ಏ’ ಅವಧಾರಣೆ ಎಂದು ವ್ಯಾಕರಣದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇವೆ. “ಮಾಸ್ತರರೂ ತಡವಾಗಿ ಬಂದರು” ಎಂಬ ವಾಕ್ಯ ಕೊಟ್ಟು, ಇನ್ಯಾರು ತಡವಾಗಿ ಬಂದಿದ್ದರು ಎಂದು ಕೇಳಿ ನೋಡಿ. ಎಲ್ಲ ಮಕ್ಕಳಿಗೂ ಉತ್ತರ ಗೊತ್ತಿರುತ್ತದೆ, ಕೆಲವರು ತಲೆ ತಗ್ಗಿಸುತ್ತಾರೆ.

ಇನ್ನು ‘ಇಡಲಾಗಿದೆ’. ಇಟ್ಟವರು ಯಾರು? ಹೇಳಿಲ್ಲ. ಪತ್ರಿಕೆಗಳ ಕನ್ನಡದಲ್ಲಿ ಇಂಥ ಕ್ರಿಯಾಪದ ರಾಶಿ ರಾಶಿ: ಸೂಚಿಸಲಾಗಿದೆ, ಕೋರಲಾಗಿದೆ, ತಿಳಿಸಲಾಗಿದೆ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ‘ಕುಸಿಯಿತು’. ಇದರ ಬದಲು ‘ಕೆಡವಲಾಯಿತು’ ಎಂದು ಬರೆದಿದ್ದರೆ ಹಿಂದೆ ಯಾರೋ ಇದ್ದಾರೆ, ಅವರ ಹೆಸರು ಬಿಟ್ಟಿದ್ದಾರೆ ಎಂದು ಓದುಗ ಹಿಡಿಯಬೇಕು. ‘ಲಾಯಿತು’ ಕಂಡ ಕೂಡಲೇ “ಯಾರು?” ಎಂದು ಕೇಳುವುದು ಪರೀಕ್ಷೆಗಿಂತ ಹೆಚ್ಚಾಗಿ ಬೆಳಗಿನ ಪತ್ರಿಕೆಗೆ ಬೇಕಾದ ಅಭ್ಯಾಸ.

ಶೀರ್ಷಿಕೆ, ವಿಷಯ, ಮುಖ್ಯಾಂಶ, ಸಾರಾಂಶ ಇವುಗಳ ಗೊಂದಲ ಬೇಗ ಬಿಡಿಸಬಹುದು. ಯಾವುದರ ಬಗ್ಗೆ ಎಂದರೆ ವಿಷಯ: ಟ್ಯಾಗೋರರ ಕಾರವಾರ ಭೇಟಿ. ಅದರ ಬಗ್ಗೆ ಏನು ಹೇಳಿದರು ಎಂದರೆ ಮುಖ್ಯಾಂಶ, ಅದು ಪೂರ್ಣ ವಾಕ್ಯವಾಗಿರಬೇಕು. ಸಾರಾಂಶ ಎಲ್ಲ ಮುಖ್ಯ ಸಂಗತಿಗಳನ್ನು ನಿಮ್ಮ ಮಾತಿನಲ್ಲಿ ಚಿಕ್ಕದಾಗಿ ಹೇಳುವುದು. ಶೀರ್ಷಿಕೆ ಬಾಗಿಲ ಮೇಲಿನ ಹೆಸರು.

ಪ್ರಶ್ನೆಯನ್ನೂ ಗದ್ಯಭಾಗದಷ್ಟೇ ಜಾಗ್ರತೆಯಿಂದ ಓದಬೇಕು. ಅಲ್ಲೂ ಕೊನೆಯ ಕ್ರಿಯಾಪದವೇ ಯಜಮಾನ. ‘ಹೆಸರಿಸಿ’ ಎಂದರೆ ಹೆಸರು ಸಾಕು. ‘ವಿವರಿಸಿ’ ಎಂದರೆ ಹೇಗೆ, ಯಾಕೆ ಎರಡೂ ಬೇಕು. ‘ಸಮರ್ಥಿಸಿ’ ಎಂದರೆ ಹೇಳಿಕೆ ಸರಿ ಎಂದು ಒಪ್ಪಿಕೊಂಡು ಗದ್ಯಭಾಗದಿಂದ ಆಧಾರ ಕೊಡುವುದು. “ಸಂದರ್ಭದೊಂದಿಗೆ ಸ್ವಾರಸ್ಯ ತಿಳಿಸಿ” ಎಂಬಲ್ಲಿ ಮಕ್ಕಳು ಸಂದರ್ಭವನ್ನು ಎರಡು ಸಲ ಬರೆದು ಸ್ವಾರಸ್ಯ ಬಿಡುತ್ತಾರೆ. ಯಾರು, ಯಾರಿಗೆ, ಯಾವಾಗ ಹೇಳಿದರು ಎನ್ನುವುದು ಸಂದರ್ಭ. ಆ ಮಾತನ್ನು ಬೇರೆ ಯಾರಾದರೂ ಬೇರೆ ರೀತಿ ಹೇಳಬಹುದಾಗಿತ್ತು, ಇವರು ಹೀಗೆ ಹೇಳಿದ್ದರಲ್ಲಿ ಏನು ಸೊಗಸಿದೆ ಎನ್ನುವುದು ಸ್ವಾರಸ್ಯ. ಗಾದೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು” ಎಂಬುದರ ವಾಚ್ಯಾರ್ಥ ಅಡಿಕೆ, ಆನೆಗಳಲ್ಲಿದೆ. ಸ್ವಾರಸ್ಯ ಇರುವುದು ಅಷ್ಟು ಚಿಕ್ಕದರ ಪಕ್ಕ ಅಷ್ಟು ದೊಡ್ಡದನ್ನು ನಿಲ್ಲಿಸಿದ್ದರಲ್ಲಿ.

ಬಾಣ ಎಳೆದು ಮುಗಿದ ಮೇಲೆ ಹುಡುಗಿಗೆ ಹೇಳಿದೆ: ಈಗ ನೀನು ಈ ಸಾಲುಗಳ ಮೇಲೆ ನನಗೊಂದು ಪ್ರಶ್ನೆ ಕೇಳು. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದಳು.

“ನಾಟಕದ ಹೆಸರೇನು, ಅಕ್ಕೋರೇ?”

“ಈ ಸಾಲುಗಳಲ್ಲಿ ಹುಡುಕು.”

ಹುಡುಕಿದಳು. “ಇಲ್ಲ. ಹಾಗಾದ್ರೆ ‘ಗದ್ಯಭಾಗದಲ್ಲಿ ಇಲ್ಲ’ ಅಂತ ಬರೀಬಹುದಾ?”

“ಬರಿ, ಅದೂ ಉತ್ತರವೇ.” ಬರೆದಾದ ಮೇಲೆ ಹೆಸರು ಹೇಳಿದೆ: ‘ಪ್ರಕೃತಿರ್ ಪ್ರತಿಶೋಧ್’, ಅಂದರೆ ಪ್ರಕೃತಿಯ ಪ್ರತೀಕಾರ.

ಅವಳು ಎರಡನ್ನೂ ಒಂದರ ಕೆಳಗೊಂದು ಬರೆದುಕೊಂಡು ನೋಡುತ್ತಾ ಕುಳಿತಳು. ಆಮೇಲೆ ‘ರ್’ ಸುತ್ತ ಒಂದು ಸೊನ್ನೆ ಸುತ್ತಿ ಕೇಳಿದಳು, “ಇದು ಅವರ ಷಷ್ಠೀ ವಿಭಕ್ತಿಯಾ?”